ಹಾರ್ಟ್ ವೀಕ್ ಇರುವ ಹಿರಿಯರಿಗೂ ಒಂದು ಗುಂಪು ಬೇಕು

ಮೈಸೂರಲ್ಲಿ ಬೆಳಗ್ಗೆ ಎದ್ದು ಹೊರಟರೆ ಎಲ್ಲ ಥರದ ಗುಂಪುಗಳೂ ಸಿಗುತ್ತವೆ. ಕುಕ್ಕರಹಳ್ಳಿ ಕೆರೆ ಸುತ್ತುವವರು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಪಾರ್ಕಿನಲ್ಲಿ ಯೋಗ ಮಾಡುವವರು. ಹಾರ್ಟ್ ಫೇಲ್ಯೂರ್ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಕಾಯಿಲೆ) ಇರುವ ಎಪ್ಪತ್ತು ದಾಟಿದವರು ಇವರ್‍ಯಾರ ಜೊತೆಗೂ ಹೆಜ್ಜೆ ಹಾಕಲಾರರು. ಮನೆಯಲ್ಲೇ ಉಳಿದುಬಿಡುತ್ತಾರೆ.

ಮನೆಯವರೂ ಪ್ರೀತಿಯಿಂದಲೇ ಕೂರಿಸುತ್ತಾರೆ. "ನೀವು ಏಳಬೇಡಿ, ನಾನೇ ತಂದ್ಕೊಡ್ತೀನಿ" ಅಂತ. ಆದರೆ ಸುಮ್ನೆ ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಏದುಸಿರು ಬಂತು ಅಂತ ಇನ್ನೂ ಜಾಸ್ತಿ ಕೂರುವುದು. ಈ ಸುಸ್ತಿಗೆ ಹೃದಯ ಒಂದೇ ಕಾರಣ ಅಲ್ಲ, ಕಾಲುಗಳ ಪಾಲೂ ದೊಡ್ಡದು.

ನಮ್ಮ ದೊಡ್ಡಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ಬರುತ್ತಿದ್ದಳು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎದ್ದು ಕೂರಿ ಅಂದಳು. "ಇದೂ ಒಂದು ವ್ಯಾಯಾಮವೇನೇ?" ಅಂದ ದೊಡ್ಡಮ್ಮ ಮೂರನೇ ಸಲ ಏಳುವಾಗ ಮಂಡಿಗೆ ಕೈ ಊರಿದರು. "ಇವತ್ತು ಏನ್ ಸಾರು ಅಜ್ಜಿ?" ಅಂತ ಅವಳು ಕೇಳುತ್ತಲೇ ಇರುತ್ತಿದ್ದಳು. ಉತ್ತರ ಪೂರ್ತಿ ಬಂದರೆ ಮುಂದುವರಿಸುವುದು, ಮಾತು ಮಧ್ಯೆ ತುಂಡಾದರೆ ನಿಲ್ಲಿಸುವುದು. ಎದೆಬಡಿತ ನಿಧಾನ ಮಾಡುವ ಮಾತ್ರೆ ತಗೊಳ್ಳುವವರಿಗೆ ನಾಡಿ ಹಿಡಿದು ಶ್ರಮ ಅಳೆಯುವುದು ಕಷ್ಟ, ಮಾತೇ ಒಳ್ಳೆಯ ಅಳತೆ.

ಇದು ಬರೀ ನಮ್ಮ ಮನೆ ಅನುಭವ ಅಲ್ಲ. 2021ರಲ್ಲಿ ಅಮೆರಿಕದ ರಿಹ್ಯಾಬ್-ಎಚ್‌ಎಫ್ ಅಧ್ಯಯನ ಪ್ರಕಟವಾಯಿತು. ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರಿದ್ದ, 60 ದಾಟಿದ 349 ಜನ ಅದರಲ್ಲಿದ್ದರು. ಬಲ, ಸಮತೋಲನ, ಓಡಾಟ, ದಮ್ಮು ನಾಲ್ಕಕ್ಕೂ ವ್ಯಾಯಾಮ ಕೊಟ್ಟವರ ದೇಹಶಕ್ತಿ ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಹೇಳಿಕೊಳ್ಳುವಷ್ಟು ಕಮ್ಮಿ ಆಗಲಿಲ್ಲ, ನಿಜ. ಆದರೂ ಯಾರ ಕೈಯೂ ಹಿಡಿಯದೆ ಮಂಚದಿಂದ ಏಳುವುದು ಆ ವಯಸ್ಸಲ್ಲಿ ಎಷ್ಟು ದೊಡ್ಡ ಮಾತು ಅಲ್ವಾ?

ಗುಂಪೇ ಯಾಕೆ ಅಂದರೆ, ಒಬ್ಬರೇ ಮಾಡಿದರೆ ಕೈಬಿಟ್ಟು ಹೋಗುತ್ತದೆ. 2009ರ ಎಚ್‌ಎಫ್-ಆ್ಯಕ್ಷನ್ ಅಧ್ಯಯನದಲ್ಲಿ 2,331 ಜನ ಇದ್ದರು. ವ್ಯಾಯಾಮದಿಂದ ಅಪಾಯ ಹೆಚ್ಚಲ್ಲ ಅಂತ ಅದರಲ್ಲಿ ಗೊತ್ತಾಯಿತು. ಆದರೆ ಮನೆಯಲ್ಲಿ ನೀವೇ ಮಾಡಿಕೊಳ್ಳಿ ಅಂದ ಮೇಲೆ ಹೇಳಿದಷ್ಟು ಮಾಡಿದವರು ಕಮ್ಮಿ. ಪಕ್ಕದ ಕುರ್ಚಿಯವರು "ನಿನ್ನೆ ಯಾಕ್ರೀ ಬರ್ಲಿಲ್ಲ?" ಅಂತ ಕೇಳುವಂತಿದ್ದರೆ ಬರಬೇಕು ಅನ್ನಿಸುತ್ತದೆ.

ಖರ್ಚು ಜಾಸ್ತಿ ಇಲ್ಲ. ಬಡಾವಣೆಯ ಸಮುದಾಯ ಭವನ, ವಾರಕ್ಕೆರಡು ದಿನ, ಅಲುಗಾಡದ ಕುರ್ಚಿಗಳು, ಒಬ್ಬ ಫಿಸಿಯೋಥೆರಪಿಸ್ಟ್, ಬಿಪಿ ಮಿಷನ್, ತೂಕದ ಯಂತ್ರ. ಪ್ರತಿಯೊಬ್ಬರೂ ಮೊದಲು ತಮ್ಮ ಹೃದ್ರೋಗ ಡಾಕ್ಟರನ್ನು ಕೇಳಿಯೇ ಸೇರಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿದ್ದರೆ, ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಅವತ್ತು ವ್ಯಾಯಾಮ ಬೇಡ, ಡಾಕ್ಟರಿಗೆ ಫೋನ್ ಮಾಡಬೇಕು. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಬೇಕು. ಇನ್ನೊಂದು, ಶೌಚಾಲಯ ಹತ್ತಿರದಲ್ಲೇ ಇರಲಿ. ಬೆಳಗ್ಗೆ ನೀರು ಹೋಗುವ ಮಾತ್ರೆ ನುಂಗಿದವರು ಆ ಒಂದೇ ಭಯಕ್ಕೆ ಮನೆ ಬಿಟ್ಟು ಬರುವುದಿಲ್ಲ.

ಕುವೆಂಪುನಗರ, ಸರಸ್ವತಿಪುರಂ ಕಡೆ ವಾರಕ್ಕೆ ಎರಡು ಗಂಟೆ ಕೊಡಬಲ್ಲ ಫಿಸಿಯೋಥೆರಪಿಸ್ಟ್ ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಜಾಗ ಹುಡುಕುವುದು, ಕುರ್ಚಿ ಜೋಡಿಸುವುದು ನನಗಿರಲಿ.