ಆಟಕ್ಕುಂಟು, ಈ ಸಲ ಲೆಕ್ಕಕ್ಕೂ ಉಂಟು!

ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆಲ್ಲ ಈ ಪಾತ್ರ ಗೊತ್ತು. ಬ್ಯಾಟಿನ ಮಾಲೀಕನಿಗೆ ಒಬ್ಬ ತಮ್ಮ ಇರುತ್ತಾನೆ. ಐದು ವರ್ಷ, ಮೂಗಲ್ಲಿ ಸಿಂಬಳ. ಅವನನ್ನು ಸೇರಿಸಿಕೊಳ್ಳದಿದ್ದರೆ ಬ್ಯಾಟು ಮನೆಗೆ ಹೋಗುತ್ತದೆ. ಹಾಗಾಗಿ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟಾದರೆ ಇನ್ನೆರಡು ಬಾಲ್ ಹಾಕುತ್ತೇವೆ. ಅವನು ಖುಷಿ, ನಾವೂ ಖುಷಿ.

ಅಮೆರಿಕದ ಬೇಸ್‌ಬಾಲ್‌ನವರು ಇಂಥ ಒಬ್ಬ ತಮ್ಮನ ಕೈಗೆ ಮನೆಯ ಬೀಗದಕೈ ಕೊಟ್ಟು 14 ವರ್ಷ ಸುಮ್ಮನೆ ಕೂತಿದ್ದರು.

ಆ ತಮ್ಮನ ಹೆಸರು ಆಲ್-ಸ್ಟಾರ್ ಪಂದ್ಯ. ಅಲ್ಲಿ ಎರಡು ಲೀಗ್, ಅಮೆರಿಕನ್ ಮತ್ತು ನ್ಯಾಷನಲ್. ಪ್ರತಿ ಜುಲೈನಲ್ಲಿ, ಸೀಸನ್ನಿನ ನಡುವೆ, ಎರಡೂ ಕಡೆಯ ಘಟಾನುಘಟಿಗಳು ಸೇರಿ ಒಂದು ಪ್ರದರ್ಶನ ಪಂದ್ಯ ಆಡುತ್ತಾರೆ. ಇದು ಶುರುವಾಗಿದ್ದು 1933ರಲ್ಲಿ, ಶಿಕಾಗೋದ ಕಾಮಿಸ್ಕಿ ಪಾರ್ಕ್‌ನಲ್ಲಿ. ಊರಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯುತ್ತಿತ್ತು. ಜೊತೆಗೆ ಇದೂ ಒಂದು ಇರಲಿ ಎಂದು 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಹೊಳೆಸಿದ ಉಪಾಯ. ಆ ಕಾಲದ ದೊಡ್ಡ ತಾರೆ ಬೇಬ್ ರೂತ್ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ, ಜನ ಚಪ್ಪಾಳೆ ತಟ್ಟಿದರು. ಒಂದೇ ಸಲಕ್ಕೆ ಅಂತ ಕರೆದ ನೆಂಟ ಮತ್ತೆ ಹೊರಡಲೇ ಇಲ್ಲ. 1959ರಿಂದ 62ರವರೆಗಂತೂ ವರ್ಷಕ್ಕೆ ಎರಡೆರಡು ಸಲ ಊಟಕ್ಕೆ ಕೂತ. ಆಟಗಾರರ ಪಿಂಚಣಿಗೆ ದುಡ್ಡು ಬೇಕಿತ್ತು.

ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ಜಾತ್ರೆಯನ್ನು ಜಾತ್ರೆ ಅಂತಲೇ ನೋಡುತ್ತಿದ್ದರು. ಎಡವಟ್ಟಾಗಿದ್ದು 2002ರಲ್ಲಿ, ಮಿಲ್ವಾಕಿಯಲ್ಲಿ.

ಅವತ್ತು ಆಟವೇನೋ ಚೆನ್ನಾಗಿತ್ತು. ಬ್ಯಾರಿ ಬಾಂಡ್ಸ್ ಹೊಡೆದ ಚೆಂಡು ಬೇಲಿ ದಾಟುವ ಹೊತ್ತಿಗೆ ಟೋರಿ ಹಂಟರ್ ಎಗರಿ ಹಿಡಿದುಬಿಟ್ಟ. ಬಾಂಡ್ಸ್ ಓಡಿ ಬಂದು ಅವನನ್ನು ಅಕ್ಕಿ ಮೂಟೆಯಂತೆ ಹೆಗಲಿಗೆ ಎತ್ತಿಕೊಂಡ. ಆದರೆ ಒಂಬತ್ತಕ್ಕೆ ಮುಗಿಯಬೇಕಿದ್ದ ಆಟ, 11 ಇನಿಂಗ್ಸ್ ಮುಗಿದರೂ ಸ್ಕೋರು 7-7. ಬೇಸ್‌ಬಾಲ್‌ನಲ್ಲಿ ಟೈ ಅನ್ನುವುದೇ ಇಲ್ಲ, ಒಬ್ಬರು ಗೆಲ್ಲುವವರೆಗೂ ಆಡುತ್ತಲೇ ಇರಬೇಕು. ಆಡೋಣವೆಂದರೆ ಎರಡೂ ಕಡೆ ಪಿಚರ್‌ಗಳು ಖಾಲಿ! ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ. ಬಂದವರಿಗೆಲ್ಲ ಒಂದೊಂದು ಅವಕಾಶ ಅಂತ ಪ್ರಸಾದ ಹಂಚಿದಂತೆ ಹಂಚಿ, ಕೊನೆಯ ಸಾಲಿನವರಿಗೆ ಪಾತ್ರೆ ತಳ ಕೆರೆಯುವ ಸದ್ದು ಮಾತ್ರ ಉಳಿದಿತ್ತು.

ಬೇಸ್‌ಬಾಲ್‌ನ ಆಗಿನ ಕಮಿಷನರ್ ಬಡ್ ಸೆಲಿಗ್. ಅದು ಅವರದೇ ಊರು. ಪಂದ್ಯ ನಡೆದದ್ದು ಅವರೇ ಓಡಾಡಿ ಕಟ್ಟಿಸಿದ ಹೊಸ ಸ್ಟೇಡಿಯಮ್ಮಿನಲ್ಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಬಳಿ ಎರಡೂ ತಂಡದ ಮ್ಯಾನೇಜರ್‌ಗಳು ಹೋದರು. ಸೆಲಿಗ್ ಎರಡೂ ಕೈ ಚೆಲ್ಲಿದರು. ಕ್ಯಾಮೆರಾ ಸರಿಯಾಗಿ ಆಗಲೇ ಕ್ಲಿಕ್ಕಿಸಿತು. ರೇಷನ್ ಅಂಗಡಿಯವನು 'ಸ್ಟಾಕ್ ಬಂದಿಲ್ಲ, ನಾನೇನ್ ಮಾಡ್ಲಿ' ಅನ್ನುವಾಗ ಕೈ ಹೇಗಿರುತ್ತದೋ ಹಾಗೆ. ಪಿಚರ್ ಇಲ್ಲ, ಪಿಚ್ಚರ್ ಮುಗೀತು, ಮನೆಗೆ ನಡೀರಿ. ಪಂದ್ಯಶ್ರೇಷ್ಠ ಪ್ರಶಸ್ತಿಗೆ ನಾಲ್ಕು ದಿನ ಹಿಂದೆ ತೀರಿಕೊಂಡಿದ್ದ ಟೆಡ್ ವಿಲಿಯಮ್ಸ್ ಹೆಸರಿಟ್ಟಿದ್ದರು. ಅದನ್ನೂ ಯಾರಿಗೂ ಕೊಡಲಿಲ್ಲ. (ಮುಂದೆ ಅದೇ ಸ್ಟೇಡಿಯಮ್ಮಿನ ಹೊರಗೆ ಸೆಲಿಗ್ ಅವರ ಪ್ರತಿಮೆ ನಿಂತಿತು. ಕೈ ಚೆಲ್ಲಿದ ಭಂಗಿಯಲ್ಲಲ್ಲ.)

ಮಾನ ಹೋಯಿತಲ್ವಾ? ಉಳಿಸಿಕೊಳ್ಳಲು ಒಂದಿಬ್ಬರು ಪಿಚರ್‌ಗಳನ್ನು ಜಾಸ್ತಿ ಸೇರಿಸಿಕೊಂಡು, ಮಿಕ್ಕಿದ್ದನ್ನು ಇದ್ದ ಹಾಗೇ ಬಿಡಬಹುದಿತ್ತು. ಆದರೆ ಆಡಳಿತದಲ್ಲಿ ಇರುವವರು ಸೊಳ್ಳೆ ಕಚ್ಚಿದರೆ ಮನೆ ಬದಲಾಯಿಸುವ ಜನ. 2003ರಿಂದ ಹೊಸ ಕಾನೂನು ಬಂತು: ಆಲ್-ಸ್ಟಾರ್ ಗೆದ್ದ ಲೀಗಿನ ತಂಡಕ್ಕೆ ಅಕ್ಟೋಬರಿನ ವರ್ಲ್ಡ್ ಸೀರೀಸ್‌ನಲ್ಲಿ ತವರಿನ ಲಾಭ. ಎರಡೂ ಲೀಗಿನ ಚಾಂಪಿಯನ್ನರು ಆಡುವ ಈ ಏಳು ಪಂದ್ಯದ ಫೈನಲ್ಲಿನಲ್ಲಿ ನಾಲ್ಕು ಸ್ವಂತ ಊರಲ್ಲಿ, ಕೊನೆಯ ಪಂದ್ಯವೂ ಸೇರಿ. ಟೀವಿಯಲ್ಲಿ ಜಾಹೀರಾತು ಶುರು: 'ಈ ಸಲ ಲೆಕ್ಕಕ್ಕುಂಟು!' ಅದಕ್ಕೆ ಮೊದಲು ಈ ಲಾಭ ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ ಅಂತ ಸರದಿಯ ಮೇಲೆ ಸಿಗುತ್ತಿತ್ತು. ಅದೇನು ದೊಡ್ಡ ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಸರದಿಗೆ ಕನಿಷ್ಠ ನಾಚಿಕೆ ಇತ್ತು, ಗಂಭೀರವಾಗಿ ಮುಖ ಮಾಡಿಕೊಂಡು ಓಡಾಡುತ್ತಿರಲಿಲ್ಲ.

ಸರಿ, ಇಷ್ಟು ಲೆಕ್ಕಕ್ಕಿರುವ ಪಂದ್ಯಕ್ಕೆ ತಂಡ ಆರಿಸುವವರು ಯಾರು? ಮೊದಲು ಕಣಕ್ಕಿಳಿಯುವವರಲ್ಲಿ ಪಿಚರ್ ಬಿಟ್ಟು ಮಿಕ್ಕವರನ್ನು ಜನ, ವೋಟು ಹಾಕಿ.

ಈ ವೋಟಿನ ಕಥೆ ಹಳೆಯದು. 1957ರಲ್ಲಿ ಸಿನ್ಸಿನಾಟಿಯ ಪತ್ರಿಕೆಯೊಂದು ಮತಪತ್ರದಲ್ಲಿ ಮೊದಲೇ ಗುರುತು ಹಾಕಿ ಅಚ್ಚು ಹಾಕಿಸಿತು. ಓದುಗ ಕತ್ತರಿಸಿ ಕಳಿಸಿದರೆ ಸಾಕು. ನ್ಯಾಷನಲ್ ಲೀಗಿನ ಎಂಟು ಜಾಗದಲ್ಲಿ ಏಳು ಸಿನ್ಸಿನಾಟಿಯವರಿಗೇ ಹೋದವು. ಹ್ಯಾಂಕ್ ಆರನ್, ವಿಲ್ಲೀ ಮೇಸ್ ಅಂಥವರು ಹೊರಗೆ! ಕಮಿಷನರ್ ಫೋರ್ಡ್ ಫ್ರಿಕ್ ಇಬ್ಬರನ್ನು ಕಿತ್ತು ಇವರನ್ನು ಸೇರಿಸಿದರು. ಜನರಿಂದ ವೋಟಿನ ಹಕ್ಕನ್ನೇ ಕಿತ್ತುಕೊಂಡು 1970ರವರೆಗೆ ವಾಪಸ್ ಕೊಡಲಿಲ್ಲ. ಕೊಟ್ಟ ಮೇಲೆ ಕಾಲ ಬದಲಾಯಿತು, ಕತ್ತರಿ ಹೋಗಿ ಇ-ಮೇಲ್ ಬಂತು. 2015ರಲ್ಲಿ ಒಂದು ಇ-ಮೇಲಿಗೆ 35 ವೋಟು. ಒಂದು ಹಂತದಲ್ಲಿ ಅಮೆರಿಕನ್ ಲೀಗಿನ ಒಂಬತ್ತು ಜಾಗದ ಪೈಕಿ ಎಂಟರಲ್ಲಿ ಕಾನ್ಸಾಸ್ ಸಿಟಿಯವರೇ ಮುಂದೆ. ಅವರಲ್ಲಿ ಒಮರ್ ಇನ್ಫಾಂಟೆ ಎಂಬಾತನೊಂದಿಗೆ ಆ ವರ್ಷ ಬ್ಯಾಟು ಮಾತು ಬಿಟ್ಟಿತ್ತು. ಲೀಗಿನವರು ಆರು ಕೋಟಿಗೂ ಹೆಚ್ಚು ವೋಟು ರದ್ದು ಮಾಡಬೇಕಾಯಿತು. ನಮ್ಮ ಕರ್ನಾಟಕದ ಜನಸಂಖ್ಯೆ ಹತ್ತಿರ ಹತ್ತಿರ ಅಷ್ಟೇ.

ಸಾಲದ್ದಕ್ಕೆ ಇನ್ನೊಂದು ಕಟ್ಟಳೆ: 30 ತಂಡಗಳಲ್ಲಿ ಪ್ರತಿಯೊಂದರಿಂದಲೂ ಒಬ್ಬ ಇರಲೇಬೇಕು. ಸಂಪುಟ ವಿಸ್ತರಣೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಲೆಕ್ಕಕ್ಕುಂಟು' ಶುರುವಾದ ಮೊದಲ ವರ್ಷವೇ ಪಿಟ್ಸ್‌ಬರ್ಗ್ ಕೋಟಾದಲ್ಲಿ ಬಂದ ಪಿಚರ್ ಒಂಬತ್ತು ಇನಿಂಗ್ಸಿಗೆ ಸರಾಸರಿ ಆರಕ್ಕೂ ಜಾಸ್ತಿ ರನ್ ಕೊಡುತ್ತಿದ್ದ. ಮೂರು ಕೊಟ್ಟರೆ ಒಳ್ಳೆಯವನು ಅನ್ನುವ ಲೋಕ ಅದು. 2014ರಲ್ಲಿ ಅಮೆರಿಕನ್ ಲೀಗಿನ ಹಿರಿಯ ತಾರೆ ಡೆರೆಕ್ ಜೀಟರ್‌ಗೆ ಕೊನೆಯ ವರ್ಷ. ಎದುರಾಳಿ ಪಿಚರ್ ಆಡಮ್ ವೇನ್‌ರೈಟ್ ಸುಲಭದ ಚೆಂಡು ಕೊಟ್ಟೆ ಅಂತ ತಾನೇ ಬಾಯಿಬಿಟ್ಟ. ಗಲಾಟೆ ಎದ್ದ ಮೇಲೆ ತಮಾಷೆಗೆ ಅಂದೆ ಅಂದ. ಅಯ್ಯಾ, ಲೆಕ್ಕಕ್ಕಿರುವ ಪಂದ್ಯದಲ್ಲಿ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡವರು ಯಾರು?

2016ರದ್ದು ಇದಕ್ಕೆಲ್ಲ ಕಳಸ. ಜುಲೈನಲ್ಲಿ ಕಾನ್ಸಾಸ್ ಸಿಟಿಯ ಎರಿಕ್ ಹಾಸ್ಮರ್ ಮತ್ತು ಸಾಲ್ವಡೋರ್ ಪೆರೆಜ್ ಒಂದೊಂದು ಹೋಮ್ ರನ್ ಹೊಡೆದರು, ಅಮೆರಿಕನ್ ಲೀಗ್ ಗೆದ್ದಿತು. ಅಕ್ಟೋಬರ್ ಬರುವಾಗ ಕಾನ್ಸಾಸ್ ಸಿಟಿ ಮನೆಯಲ್ಲಿ ಕೂತಿತ್ತು. ಅವರು ದುಡಿದಿಟ್ಟ ತವರಿನ ಲಾಭ ಸಿಕ್ಕಿದ್ದು ಕ್ಲೀವ್‌ಲ್ಯಾಂಡಿಗೆ. ಒಂದೇ ಗುಂಪಿನಲ್ಲಿ ವರ್ಷವಿಡೀ ಇವರ ಜೊತೆ ಕಿತ್ತಾಡುವ ದಾಯಾದಿ ಅದು! ಸೀಸನ್ನಿನಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದಿದ್ದು 94 ಪಂದ್ಯ, ಎದುರಾಳಿ ಶಿಕಾಗೋ ಕಬ್ಸ್ 103. ಆದರೂ ಏಳನೇ ಪಂದ್ಯ ಕ್ಲೀವ್‌ಲ್ಯಾಂಡಿನಲ್ಲೇ. ಅಲ್ಲಿಗೇ ಹೋಗಿ ಕಬ್ಸ್ ಗೆದ್ದು 108 ವರ್ಷದ ಬರ ಮುಗಿಸಿತು. ಮರುವರ್ಷದಿಂದ ಆ ಕಾನೂನು ಇಲ್ಲ. ಜಾಸ್ತಿ ಪಂದ್ಯ ಗೆದ್ದವರಿಗೆ ಲಾಭ. ಇಷ್ಟು ಹೊಳೆಯಲು 14 ವರ್ಷ ಹಿಡಿಯಿತು.

ಹೋಗಲಿ, ಬುದ್ಧಿ ಬಂತು ಅಂದುಕೊಂಡಿದ್ದೆ. 2025ರ ಜುಲೈ 16ರ ಬೆಳಿಗ್ಗೆ ಅಕ್ಕನ ಮಗ ಅಟ್ಲಾಂಟಾದಿಂದ ಫೋನ್ ಮಾಡಿದ. "ಮಾವ, ಬೇಗ ನೋಡಿ, ಇಲ್ಲಿ ಏನೋ ನಡೀತಿದೆ." ನಮ್ಮಲ್ಲಿ ಇಡ್ಲಿ ಹೊತ್ತು, ಅಲ್ಲಿ ನಡುರಾತ್ರಿಗೆ ಹತ್ತಿರ. ಆಲ್-ಸ್ಟಾರ್ ಪಂದ್ಯ, ಒಂಬತ್ತು ಇನಿಂಗ್ಸ್ ಮುಗಿದು ಸ್ಕೋರು 6-6. ಇನಿಂಗ್ಸ್ ಮುಂದುವರಿಸುವ ಬದಲು ಎರಡೂ ಕಡೆ ಮೂವರು, ತಲಾ ಮೂರು ಹೊಡೆತ, ಯಾರದ್ದು ಜಾಸ್ತಿ ಹೋಮ್ ರನ್ನೋ ಅವರು ಗೆದ್ದರು. ಚೆಂಡು ಎಸೆಯಲು ಕೋಚ್‌ಗಳು ಬಂದರು. ದೊಡ್ಡ ಹೆಸರಿನವರಲ್ಲಿ ಹಲವರು ಅಷ್ಟರಲ್ಲಿ ಸ್ನಾನ ಮುಗಿಸಿ ಹೊರಟೇ ಹೋಗಿದ್ದರು.

ನಗೋಣ ಅಂದರೆ 2007ರ ಡರ್ಬನ್ ನೆನಪಾಯಿತು. ಪಾಕಿಸ್ತಾನದ ವಿರುದ್ಧ ಪಂದ್ಯ ಟೈ ಆಗಿ ಬೌಲ್-ಔಟ್. ನಮ್ಮ ರಾಬಿನ್ ಉತ್ತಪ್ಪ ಖಾಲಿ ವಿಕೆಟ್ಟಿಗೆ ಚೆಂಡು ಎಸೆದು ಟೋಪಿ ತೆಗೆದು ಬಾಗಿದ್ದ. ಆಗ ನಾವೇ ಕುಣಿದಿದ್ದೆವು. ತೆಪ್ಪಗಾದೆ.

ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್ ಬಂದ. ಮೂರಕ್ಕೆ ಮೂರೂ ಆಚೆ. ಕೊನೆಯದನ್ನು ಹೊಡೆಯುತ್ತ ಒಂದು ಮಂಡಿ ನೆಲಕ್ಕೂರಿದ. ನ್ಯಾಷನಲ್ ಲೀಗಿಗೆ 4-3ರ ಗೆಲುವು, ಅವನಿಗೆ ಪಂದ್ಯಶ್ರೇಷ್ಠ.

"ಯಾರೋ ಅದು, ಅಷ್ಟು ಕುಣೀತಿದಾರೆ?" ಅಡುಗೆಮನೆಯಿಂದ ಚಟ್ನಿ ತಂದ ಅಮ್ಮ ಕೇಳಿದರು.

"ಪಂದ್ಯ ಗೆಲ್ಲಿಸಿದವನು ಅಮ್ಮ. ಮೂರು ಹೋಮ್ ರನ್ ಹೊಡೆದ."

ಅಷ್ಟರಲ್ಲಿ ಪರದೆಯ ಮೇಲೆ ಅವನ ಅಧಿಕೃತ ಲೆಕ್ಕ ಬಂತು. ಎರಡು ಅವಕಾಶ, ಹಿಟ್ ಸೊನ್ನೆ. ಆ ಮೂರು ಹೋಮ್ ರನ್ ಯಾವ ಲೆಕ್ಕಕ್ಕೂ ಇಲ್ಲವಂತೆ.