ಸುತ್ತೋಲೆಗೆ ಕಾಯದವರು

‘ನಿಮ್ಮ ಇಂಗ್ಲೆಂಡಿನಲ್ಲಿ ವ್ಯವಸ್ಥೆಯೇ ಸರಿ ಇದೆ, ನಮ್ಮಲ್ಲಿ ಯಾರು ಏನು ಮಾಡಿದರೂ ಅಷ್ಟೇ’ ಎಂದು ಊರಿನವರು ಹೇಳಿದಾಗಲೆಲ್ಲ ನಾನು ವಾದಕ್ಕಿಳಿಯುತ್ತೇನೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದದ್ದು 1948ರಲ್ಲಿ. ಅಷ್ಟು ಹಳೆಯ ಸಂಸ್ಥೆಗೂ ರೋಗಿಯೊಡನೆ ಮಾತಾಡುವ ರೀತಿಯನ್ನು ಒಳಗಿನವರೊಬ್ಬರು ಹೇಳಿಕೊಡಬೇಕಾಯಿತು.

ಕೇಟ್ ಗ್ರ್ಯಾಂಜರ್ ವೃದ್ಧರ ಚಿಕಿತ್ಸೆಯಲ್ಲಿ ಪಳಗಿದ ವೈದ್ಯೆ. ಕ್ಯಾನ್ಸರ್ ತಗುಲಿ ತಾವೇ ರೋಗಿಯಾದರು. 2013ರಲ್ಲಿ ಆಸ್ಪತ್ರೆ ಸೇರಿದಾಗ, ಮಂಚದ ಬಳಿ ಬಂದ ಎಷ್ಟೋ ಜನ ತಾವು ಯಾರೆಂದು ಹೇಳದೆಯೇ ಕೆಲಸ ಮುಗಿಸಿ ಹೋಗುತ್ತಿದ್ದುದು ಅವರನ್ನು ನೋಯಿಸಿತು. ಹೆಸರು ಹೇಳಿ ಆತ್ಮೀಯವಾಗಿ ಮಾತಾಡಿಸಿದವನು ಅವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಸಹಾಯಕ. ‘ನಮಸ್ಕಾರ, ನನ್ನ ಹೆಸರು ಇಂಥದ್ದು’ ಎಂದು ಮಾತು ಆರಂಭಿಸಿ ಎಂದು ಕೇಟ್ ಸಹೋದ್ಯೋಗಿಗಳನ್ನು ಕೇಳಿಕೊಂಡರು. ಗಂಡನೂ ಜೊತೆಗೂಡಿದರು. 2016ರಲ್ಲಿ ಕೇಟ್ ತೀರಿಕೊಳ್ಳುವ ಹೊತ್ತಿಗೆ ಲಕ್ಷಗಟ್ಟಲೆ ಸಿಬ್ಬಂದಿ ಆ ಮಾತನ್ನು ತಮ್ಮದಾಗಿಸಿಕೊಂಡಿದ್ದರು. ಇದು ಯಾವ ಮಂತ್ರಿಯ ಆದೇಶದಿಂದಲೂ ಹುಟ್ಟಿದ್ದಲ್ಲ.

ನಮ್ಮ ಜಿಲ್ಲಾಸ್ಪತ್ರೆಯಿಂದ ಹೊರಬಂದವರನ್ನು ‘ಯಾವ ಡಾಕ್ಟರು ನೋಡಿದರು?’ ಎಂದು ಕೇಳಿ ನೋಡಿ. ‘ಗೊತ್ತಿಲ್ಲ, ಕನ್ನಡಕ ಹಾಕಿದ್ದರು’ ಎನ್ನುತ್ತಾರೆ. ಚೀಟಿ ಹಿಡಿದು ಲ್ಯಾಬಿಗೂ ಔಷಧಿ ಕೊಡುವ ಕಿಟಕಿಗೂ ಓಡಾಡುವುದು ಮನೆಯವರ ಪಾಲು. ವೈದ್ಯರ ಮೇಲಿನ ಹೊರೆ ನಿಜವೇ. ಹೊರಗೆ ಅಷ್ಟುದ್ದ ಸಾಲು ನಿಂತಿರುವಾಗ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರೂ ನಿಂತು ಒಂದು ಪಟ್ಟಿಯನ್ನು ಗಟ್ಟಿಯಾಗಿ ಓದುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದಿತು. ರೋಗಿ ಯಾರು, ಯಾವ ಬದಿ, ಯಾವ ಔಷಧಿ ಒಗ್ಗುವುದಿಲ್ಲ ಎಂಬ ಸರಳ ಪ್ರಶ್ನೆಗಳು. ಜೊತೆಗೆ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ಮೊದಲು ಪರೀಕ್ಷಿಸಿದ ಎಂಟು ನಗರಗಳಲ್ಲಿ ಲಂಡನ್ ಇತ್ತು, ದೆಹಲಿಯೂ ಇತ್ತು. ಆ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಪಟ್ಟಿಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸುವುದು ಸುಲಭ. ‘ಸರ್, ಒಂದು ನಿಮಿಷ, ಇನ್ನೂ ಓದಿಲ್ಲ’ ಎಂದು ನರ್ಸ್ ಹೇಳುವುದು, ಕೈಗವಸು ಹಾಕಿ ನಿಂತ ಹಿರಿಯ ಸರ್ಜನ್ ಅದಕ್ಕೆ ತಲೆದೂಗುವುದು ಕಷ್ಟ. ಇಂಗ್ಲೆಂಡಿನಲ್ಲಿಯೂ ಅದು ಸಲೀಸಾಗಿ ಬರಲಿಲ್ಲ.

ಕರ್ನಾಟಕಕ್ಕೂ ತನ್ನದೇ ಉದಾಹರಣೆಗಳಿವೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಸರ್ಕಾರದ ಒಪ್ಪಿಗೆಯೊಂದಿಗೆ ವಹಿಸಿಕೊಂಡಿತು. ಅದೇ ಸುದರ್ಶನ್ ಮುಂದೆ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು. ಆ ಕಾರ್ಯಪಡೆಯ 2001ರ ವರದಿ ಆರೋಗ್ಯ ಇಲಾಖೆಯೊಳಗಿನ ಭ್ರಷ್ಟಾಚಾರವನ್ನು ಮುಚ್ಚಿಡದೆ ಹೆಸರಿಸಿತು. ಮನೆಮನೆ ತಿರುಗಿ ಬಸುರಿಯರ ತಪಾಸಣೆಯ ದಿನ ನೆನಪಿಸುವ ಆಶಾ ಕಾರ್ಯಕರ್ತೆಯರ ಹೆಸರು ಯಾವ ವರದಿಯಲ್ಲಿಯೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಇಲಾಖೆ ನಡೆಯುತ್ತಿರುವುದೇ ಅಂಥವರಿಂದ.

ಹಾಗಾದರೆ ರೋಗಿಗಳಾದ ನಮ್ಮ ಪಾಲು? ಹೊರನಾಡಿನಲ್ಲಿರುವ ನಾವು ಇಲ್ಲಿ ತಜ್ಞರನ್ನು ಕಾಣಲು ವಾರಗಟ್ಟಲೆ ಕಾಯುತ್ತೇವೆ, ಹೋಗಲಾಗದಿದ್ದರೆ ಫೋನ್ ಮಾಡಿ ಆ ಸಮಯವನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇವೆ. ಅಪ್ಪ ಅಮ್ಮನನ್ನು ತೋರಿಸಲು ಊರಿಗೆ ಹೋದ ಕೂಡಲೇ ಪರಿಚಯದ ಅಧಿಕಾರಿಯ ನಂಬರ್ ಹುಡುಕುತ್ತೇವೆ. ಆ ಒಂದು ಫೋನಿಗೆ ಹಿಂದೆ ಬೀಳುವುದು, ಒಂದು ದಿನದ ಕೂಲಿ ಬಿಟ್ಟು ಬೆಳಗಿನ ಮೊದಲ ಬಸ್ಸಿಗೆ ಬಂದು ಕುಳಿತವರ ಸರದಿ.