ನೂರಾ ನಾಲ್ಕು ಪಾಯಿಂಟ್ ಆರು

ಅಪ್ಪ ಅಮ್ಮ ನ್ಯೂಜೆರ್ಸಿಗೆ ಬಂದು ಮೂರು ವಾರ ಆಯಿತು. ಈ ಮೂರು ವಾರದಲ್ಲಿ ನಾನು ಒಂದು ದಿನವೂ ನೆಮ್ಮದಿಯಾಗಿ ಕಾರು ಓಡಿಸಿಲ್ಲ. ಕಳೆದ ಶನಿವಾರದ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ರಸ್ತೆ ಬದಿಯಲ್ಲಿ ವೇಗದ ಮಿತಿ 65 (ಇಲ್ಲಿ ಎಲ್ಲ ಮೈಲಿ ಲೆಕ್ಕ) ಅಂತ ಬೋರ್ಡ್ ಕಂಡರೆ ಸಾಕು, ಪಕ್ಕದ ಸೀಟಿನಿಂದ "ನೂರಾ ನಾಲ್ಕು ಪಾಯಿಂಟ್ ಆರು" ಅಂತ ಬರುತ್ತದೆ. ಮೈಲಿಗೆ 1.609 ಕಿಲೋಮೀಟರ್. ಅಂದಾಜಿಗೆ ಒಂದೂವರೆ ಅಂತ ಹಿಡಿಯುವುದು ಅವರ ಪ್ರಕಾರ ಕಳ್ಳತನ. ಮನೆ ಹತ್ತಿರ 25ರ ಬೋರ್ಡಿಗೆ "ನಲವತ್ತು ಪಾಯಿಂಟ್ ಎರಡು". ಮುಂದಿನ ಬೋರ್ಡೂ 25 ಆಗಿದ್ದರೆ ಮತ್ತೊಮ್ಮೆ ಹೇಳುತ್ತಾರೆ, ನಾನು ಮರೆತಿರಬಹುದು ಅಂತ.

ಅಷ್ಟಕ್ಕೇ ಬಿಟ್ಟರೆ ಪುಣ್ಯ. ಮುಂದೆ ಉದ್ದನೆಯ ಟ್ರಕ್ ಸಿಕ್ಕಿತೋ, ಮುಗಿಯಿತು ಕಥೆ.

"ಈ ಟ್ರಕ್ಕು 20 ಮೀಟರ್ ಅಂತಿಟ್ಕೋ. ಅವನು 90 ಕಿಲೋಮೀಟರಲ್ಲಿ ಹೋಗ್ತಿದ್ದಾನೆ, ನೀನು 108ರಲ್ಲಿ. ದಾಟೋಕೆ ಎಷ್ಟು ಸೆಕೆಂಡ್ ಬೇಕೇ?"

"ಅಪ್ಪಾ, ಲೇನ್ ಬದಲಾಯಿಸ್ತಾ ಇದ್ದೀನಿ, ಸುಮ್ನಿರಿ."

"ವ್ಯತ್ಯಾಸ 18. ಐದರಿಂದ ಗುಣಿಸು, ಹದಿನೆಂಟರಿಂದ ಭಾಗಿಸು. ಸೆಕೆಂಡಿಗೆ 5 ಮೀಟರ್ ಬಂತಾ?"

ಹಾಳಾಗಿ ಹೋಗಲಿ ಅಂತ "ನಾಲ್ಕು ಸೆಕೆಂಡ್" ಅಂದೆ.

"ತಪ್ಪು! ನಮ್ಮ ಕಾರಿನ ಉದ್ದ ಯಾರು ಸೇರಿಸ್ತಾರೆ? ಅದೊಂದು 5 ಮೀಟರ್. ಎಂಟನೇ ಕ್ಲಾಸಲ್ಲೂ ಇದನ್ನೇ ಮರೀತಿದ್ದೆ."

ನಾನು ಹಿಂದಿನಿಂದ ಬಂದ ಕಾರುಗಳನ್ನೆಲ್ಲ ಮುಂದೆ ಬಿಟ್ಟು, ಅಪ್ಪನಿಗೂ ಉತ್ತರ ಕೊಟ್ಟು, ಇನ್ನೇನು ದಾಟಬೇಕು ಅನ್ನುವಷ್ಟರಲ್ಲಿ ಆ ಟ್ರಕ್ಕಿನವನು ಎಕ್ಸಿಟ್ ತೆಗೆದುಕೊಂಡು ಹೋಗೇಬಿಟ್ಟ.

ಅಮೆರಿಕದ ಮೇಲೂ ಅವರಿಗೆ ಕೋಪ. "1957ರಲ್ಲಿ ನಮಗೆ ಆಣೆ ಹೋಗಿ ನಯಾ ಪೈಸೆ ಬಂತು, ಆಮೇಲೆ ಸೇರು ಹೋಗಿ ಕಿಲೋ ಬಂತು. ಸಂತೆಯಲ್ಲಿ ಸೊಪ್ಪು ಮಾರೋ ಹೆಂಗಸರು ಕಲಿತರು. ಇವರಿಗೇನು ದಾಡಿ?" ಹಾಗೆ ನೋಡಿದರೆ ಅಪ್ಪ ಮೊದಲು ಕಲಿತದ್ದೂ ಮೈಲಿಯನ್ನೇ. ಊರಿಂದ ಸ್ಕೂಲಿಗೆ ಮೂರು ಮೈಲಿ, ಗದ್ದೆ ಬದುವಿನ ಮೇಲೆ, ಮಳೆಗಾಲದಲ್ಲಿ ಚಡ್ಡಿ ಎತ್ತಿ ಹಿಡಿದು ನಡೆಯುತ್ತಿದ್ದರಂತೆ. ಆ ಮೂರು ಮೈಲಿಯನ್ನು ಮಾತ್ರ ಅವರು 4.8 ಮಾಡಿ ಹೇಳಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಶನಿವಾರ ನಯಾಗರಾ ನೋಡಲು ಹೊರಟೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬಫಲೋವರೆಗೆ ಪ್ರತಿ ಬೋರ್ಡಿನ ಗುಣಾಕಾರ ಕೇಳಿಸಿಕೊಂಡು, ಪೀಸ್ ಬ್ರಿಡ್ಜ್ ದಾಟಿ ಕೆನಡಾ ಸೇರುವಷ್ಟರಲ್ಲಿ ನನ್ನ ತಲೆ ರುಬ್ಬಿದ ಹಿಟ್ಟಿನಂತಾಗಿತ್ತು. ಹೆದ್ದಾರಿಯಲ್ಲಿ ದೊಡ್ಡದಾಗಿ 100 ಅಂತ ಬೋರ್ಡು. ಪರವಾಗಿಲ್ಲ, ಧಾರಾಳ ಜನ ಅಂದುಕೊಂಡು ಕಾಲು ಒತ್ತಿದೆ. ಎಪ್ಪತ್ತು ದಾಟಿತು, ಎಂಬತ್ತಾಯಿತು. ಎಲ್ಲರನ್ನೂ ಹಿಂದೆ ಹಾಕುತ್ತಿದ್ದೇನೆ, ಈ ಕೆನಡಾದವರು ಎಷ್ಟು ನಿಧಾನಸ್ಥರಪ್ಪಾ ಅಂತ ನಗು ಬೇರೆ. ಹಿಂದಿನಿಂದ ಅಮ್ಮ "ಯಾಕೆ ಹೀಗೆ ಹಾರಿಸ್ತಿದ್ದೀಯಾ?" ಅಂದಾಗಲೇ ಎದೆ ಧಸಕ್ ಅಂದದ್ದು. ಕೆನಡಾದಲ್ಲಿ 1977ರಿಂದಲೇ ವೇಗದ ಬೋರ್ಡುಗಳು ಕಿಲೋಮೀಟರಿನಲ್ಲಿವೆ. ನನ್ನ ಕಾರು ತೋರಿಸುತ್ತಿದ್ದುದು ಮೈಲಿ. ನಾನು ಹೋಗುತ್ತಿದ್ದುದು ಹತ್ತಿರ ಹತ್ತಿರ 129ರಲ್ಲಿ!

ಪಕ್ಕಕ್ಕೆ ನೋಡಿದೆ. ಮಂಕಿ ಕ್ಯಾಪ್ ಹಾಕಿಕೊಂಡು, ಬಾಯಿ ತೆರೆದು, ಅಪ್ಪ ಗೊರಕೆ ಹೊಡೆಯುತ್ತಿದ್ದರು. ಮೂರು ವಾರ ಕೇಳದೆ ಉತ್ತರ ಹೇಳಿದ ಮೇಷ್ಟ್ರು ಪರೀಕ್ಷೆಯ ದಿನವೇ ಗೈರು.

ಬ್ರೇಕ್ ಹಾಕಿದ ರಭಸಕ್ಕೆ ಎಚ್ಚರವಾಯಿತು. ವಿಷಯ ಹೇಳಿದೆ. ಬೈಯಲಿಲ್ಲ. ಕಣ್ಣು ಮೇಲೆ ಮಾಡಿ ಒಂದು ಕ್ಷಣ ಕೂತು, "ಸೆಕೆಂಡಿಗೆ ಮೂವತ್ತಾರು ಮೀಟರ್ ಆಯ್ತಲ್ಲೇ!" ಅಂದರು, ಸ್ವಲ್ಪ ಮೆಚ್ಚುಗೆಯಿಂದಲೇ.

ವಾಪಸ್ ಬರುವಾಗ ಮಾತ್ರ ಹಟ ಹಿಡಿದು ಎಚ್ಚರವಾಗಿದ್ದರು. ಬ್ರಿಡ್ಜ್ ದಾಟಿದೆವು, 55ರ ಬೋರ್ಡು ಕಂಡಿತು.

"ಎಂಬತ್ತೆಂಟೂವ..."

ಅಮ್ಮ ಹಿಂದಿನಿಂದ ಚಕ್ಕುಲಿ ಡಬ್ಬಿ ಚಾಚಿದರು. "ರೀ, ಮೊದಲು ಇದನ್ನ ಬಾಯಿಗೆ ಹಾಕ್ಕೊಳ್ಳಿ."